ತಂಡಿವೆ ಜೆರೆಯ ಹಸಿರು ಚುಕ್ಕೆ

ಏಪ್ರಿಲ್ 6, ಭಾನುವಾರ

ಕುವೈತಿಗೆ ಕಳಿಸುವಾಗ ಏಜೆಂಟು ಕೊಟ್ಟ ಮಾತುಗಳನ್ನು ಮೊದಲು ಬರೆದಿಡುತ್ತೇನೆ. ನಾಳೆ ನಾನೇ ಮರೆತು ಇವರಿಗೆ ಕೃತಜ್ಞಳಾಗಿಬಿಡಬಾರದು.

ಪಾಠ ಮಾಡುವ ಕೆಲಸ ಎಂದ. ಪಾಠವಿಲ್ಲ, ವಿದ್ಯಾರ್ಥಿಗಳಿಲ್ಲ, ಒಂದು ಬೋರ್ಡು ಸಹ ಇಲ್ಲ.

ಇಕಾಮಾದಲ್ಲಿ, ಅಂದರೆ ಇಲ್ಲಿರಲು ಕೊಡುವ ಪರವಾನಗಿಯಲ್ಲಿ, ಉಪನ್ಯಾಸಕಿ ಎಂದು ಬರೆಸುತ್ತೇವೆ ಎಂದ. ಮಾರಾಟ ಸಹಾಯಕಿ ಎಂದು ಬರೆಸಿದ್ದಾರೆ.

ಮೂಲ ಅಂಕಪಟ್ಟಿ, ಪದವಿಪತ್ರ ದೃಢೀಕರಣಕ್ಕೆ ಹೋಗಿ ವಾರದಲ್ಲಿ ವಾಪಸು ಬರುತ್ತವೆ ಎಂದ. ಚಳಿ ಹೋಗಿ ಸೆಕೆ ಬಂತು. ಪಾಸ್‌ಪೋರ್ಟಿನ ಜೊತೆ ಅವೂ ಕಂಪನಿಯ ಕಬ್ಬಿಣದ ಬೀರುವಿನೊಳಗೆ ಕೂತಿವೆ.

ಪಿಎಚ್‌ಡಿ ಮುಗಿಸಲು ಬೇಕಾದಷ್ಟು ಸಮಯ ಸಿಗುತ್ತದೆ ಎಂದ. ಸಿಗುವುದು ಫಿಂಟಾಸಿನ ಕೋಣೆಯಿಂದ ಸಬ್ಹಾನಿನ ಕಚೇರಿಗೆ ವ್ಯಾನಿನಲ್ಲಿ ಹೋಗುವಾಗಿನ ತೂಕಡಿಕೆ ಮಾತ್ರ.

ಮೇಡಂ, ಅದು ಆಫ್ರಿಕಾದ ದೊಡ್ಡ ವಿಶ್ವವಿದ್ಯಾಲಯ, ಕುವೈತಿನಲ್ಲಿ ಅದರ ಕೇಂದ್ರ ಇದೆ ಎಂದ. ವಿಶ್ವವಿದ್ಯಾಲಯ ದೊಡ್ಡದೇ. ಮಟೇಂಗೆ ಎಂಬ ಊರಿನಲ್ಲಿ ಅದಕ್ಕೆ ಕಟ್ಟಡಗಳಿವೆ, ಮರಗಳಿವೆ, ಚಿತ್ರದಲ್ಲಿ ನೋಡಿದ್ದೇನೆ. ಇಲ್ಲಿನ ಕೇಂದ್ರವೆಂದರೆ ಟೈರು ಗೋದಾಮಿನ ಮೇಲಿನ ಎರಡು ಕೋಣೆ. ಆ ವಿಶ್ವವಿದ್ಯಾಲಯ ತನ್ನ ಜಾಲತಾಣ ನೋಡಿಕೊಳ್ಳುವ ಗುತ್ತಿಗೆಯನ್ನು ಈ ಕಂಪನಿಗೆ ಕೊಟ್ಟಿದೆ. ಕಂಪನಿ ಆ ಹೆಸರು ಇಟ್ಟುಕೊಂಡು ದೂರಶಿಕ್ಷಣದ ಡಿಗ್ರಿ ಮಾರುತ್ತದೆ.

ಹದಿನೈದು ವರ್ಷ ನೀಲಿ ಬಾವುಟ ಹಿಡಿದೆ. ಸ್ಮಶಾನಕ್ಕೆ ಜಾಗ ಕೊಡಿ ಎಂದು ಹೆಣವನ್ನು ತಾಲ್ಲೂಕು ಕಚೇರಿಯ ಮುಂದಿಟ್ಟು ಕೂತೆ. ಲಾಠಿ ತಿಂದೆ, ಕರಪತ್ರ ಬರೆದೆ. ಅತಿಥಿ ಉಪನ್ಯಾಸಕಿಯಾಗಿಯೇ ಮೂವತ್ತೆಂಟು ವಯಸ್ಸಾಯಿತು. ಸಾಕು. ಇಲ್ಲಿ ನಾನು ಯಾರ ಪರವಾಗಿಯೂ ಬಾಯಿ ತೆರೆಯಲು ಬಂದಿಲ್ಲ. ನನ್ನ ಪ್ರಬಂಧ ಮುಗಿಯಬೇಕು. ನನ್ನ ಕಾಗದ ನನ್ನ ಕೈಗೆ ಬರಬೇಕು. ನಾನು ಊರಿಗೆ ಹೋಗಬೇಕು.

ಏಪ್ರಿಲ್ 9, ಬುಧವಾರ

ಕೆಲಸ ಏನೆಂದು ಅವ್ವ ಫೋನಿನಲ್ಲಿ ಕೇಳಿದಳು. ಹೇಳಲು ಗೊತ್ತಾಗಲಿಲ್ಲ.

ಮಟೇಂಗೆಯ ಒಬ್ಬೊಬ್ಬ ಅಧ್ಯಾಪಕರಿಗೂ ಒಂದೊಂದು ಪುಟ ಇದೆ. ಭಾವಚಿತ್ರ, ಹೆಸರು, ಹುದ್ದೆ, ಅದರ ಕೆಳಗೆ ‘ಸಂಶೋಧನಾ ಆಸಕ್ತಿಗಳು’ ಎಂಬ ಚೌಕ. ಗೆದ್ದಲ ಹುತ್ತದ ಮಣ್ಣು ಅಭ್ಯಾಸ ಮಾಡುವವರು ಒಬ್ಬರು. ಸರೋವರದ ಮೀನು ಒಣಗಿಸುವ ಹೆಂಗಸರ ಲೆಕ್ಕಾಚಾರದ ಬಗ್ಗೆ ಒಬ್ಬರು. ಬಸ್ಸು ಕಂಡಕ್ಟರುಗಳ ಕೂಗಿನ ಬಗ್ಗೆ ಒಬ್ಬರು. ಓದುತ್ತಾ ಹೋದರೆ ಹೊಟ್ಟೆ ಉರಿಯುತ್ತದೆ. ಇಂಥವರ ನಡುವೆ ನಾನೂ ಇರಬೇಕಿತ್ತು.

ಪುಟವನ್ನು ತಿಂಗಳೊಳಗೆ ಹೊಸದು ಮಾಡಿದರೆ ಹೆಸರಿನ ಪಕ್ಕ ಹಸಿರು ಚುಕ್ಕೆ. ಮಾಡದಿದ್ದರೆ ಕೆಂಪು. ಕೆಂಪು ಹೆಚ್ಚಾದರೆ ವಿಶ್ವವಿದ್ಯಾಲಯದ ಶ್ರೇಯಾಂಕ ಇಳಿಯುತ್ತದಂತೆ, ಇಲ್ಲಿ ಗಿರಾಕಿ ಕಡಿಮೆಯಾಗುತ್ತಾರಂತೆ. ಅದಕ್ಕೆ ನಾವು. ಚೌಕ ಖಾಲಿ ಬಿಡುವ ಹಾಗಿಲ್ಲ.

ಇವತ್ತು ನನ್ನ ಪಾಲಿಗೆ ಹೊಸ ಪುಟಗಳು ಬಂದವು. ಅದರಲ್ಲೊಂದು ಡಾ. ತಂಡಿವೆ ಜೆರೆ, ಸಮಾಜಶಾಸ್ತ್ರ. ಅಗಲ ಮುಖ, ಬಿಗಿಯಾಗಿ ಕಟ್ಟಿದ ತಲೆವಸ್ತ್ರ, ಚಿತ್ರ ತೆಗೆಯುವವನನ್ನೇ ವಿಚಾರಣೆ ಮಾಡುತ್ತಿರುವಂಥ ಕಣ್ಣು. ಕೆಳಗಿನ ಚೌಕ ಪೂರ್ತಿ ಖಾಲಿ. ಅವರಿಗೇ ಬರೆದು ಕೇಳಲೇ ಎಂದು ಮ್ಯಾನೇಜರ್ ಪಾಯಸ್ ಅವರ ಬಳಿ ಹೋದೆ. ಪಾಯಸ್ ಮಂಗಳೂರಿನ ಕಡೆಯವರು. ಎಲ್ಲರೊಂದಿಗೂ ನಗುತ್ತಾ ಮಾತಾಡುತ್ತಾರೆ.

“ಅವರು ತೀರಿಹೋಗಿದ್ದಾರೆ ಲಕ್ಷ್ಮಿಯವರೇ. ಎರಡು ವರ್ಷ ಆಯ್ತು.”

“ಮತ್ತೆ ಪುಟ ಯಾಕೆ?”

“ಸತ್ತದ್ದು ಅವರ ಮನೆಯವರಿಗೆ. ನಮಗಲ್ಲ. ನಮಗೆ ಚುಕ್ಕೆ ಹಸಿರು ಉಂಟಾ ಇಲ್ವಾ, ಅಷ್ಟೇ.”

ಪಕ್ಕದ ಮೇಜಿನ ರಾನ್ಸನ್ ತಲೆ ಎತ್ತದೆ ಹೇಳಿದ: “ಅಕ್ಕ, ನನ್ನಲ್ಲಿಯೂ ಇದ್ದಾರೆ ಅಂಥವರು. ಸತ್ತವರು, ಕೆಲಸದಿಂದ ತೆಗೆದವರು. ಎಲ್ಲರೂ ಭಾರೀ ಬ್ಯುಸಿ. ಜೀವ ಇದ್ದವರಿಗಿಂತ ಜಾಸ್ತಿ ಸಂಶೋಧನೆ ಮಾಡ್ತಾರೆ.”

ನಗಬೇಕೆನಿಸಿತು, ನಗೆ ಬರಲಿಲ್ಲ. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ನೇರ ಆ ಚಿತ್ರದ ಮೇಲೆ ಬಿದ್ದಿತ್ತು. ಪರದೆ ಎಳೆದರೂ ಮುಖ ಕಾಣುತ್ತಲೇ ಇತ್ತು.

ಏಪ್ರಿಲ್ 14, ಸೋಮವಾರ

ಬಾಬಾಸಾಹೇಬರ ಜಯಂತಿ. ಊರಿನಲ್ಲಾಗಿದ್ದರೆ ಇಷ್ಟೊತ್ತಿಗೆ ನನ್ನ ಗಂಟಲು ಕೂತುಹೋಗಿರುತ್ತಿತ್ತು. ಇಲ್ಲಿ ಒಬ್ಬ ಸತ್ತ ಹೆಂಗಸಿಗೆ ಆಸಕ್ತಿಗಳನ್ನು ಹುಟ್ಟಿಸುತ್ತಾ ಕೂತಿದ್ದೆ.

ಬೆಳಗಿನಿಂದ ಚೌಕ ಖಾಲಿ. ‘ಗ್ರಾಮೀಣ ಸಮಾಜ’ ಎಂದು ಬರೆದೆ, ಅಳಿಸಿದೆ. ಆ ಕಣ್ಣಿಗೆ ಅಂಥ ಸಪ್ಪೆ ಮಾತು ಹೊಂದುತ್ತಿರಲಿಲ್ಲ. ಸಂಜೆಯೊಳಗೆ ಒಂದು ಲೇಖನವನ್ನೂ ಸೇರಿಸಿ ಎಂದು ಪಾಯಸ್ ಎರಡು ಸಲ ನೆನಪಿಸಿದರು. ನನ್ನ ಹತ್ತಿರ ಸಿದ್ಧವಿದ್ದ ಲೇಖನ ಒಂದೇ. ನನ್ನ ಪ್ರಬಂಧದ ಮೂರನೆಯ ಅಧ್ಯಾಯ, ‘ಮಣ್ಣು ಸಿಗದವರು’. ಅಂಟಿಸಿದೆ. ಆಸಕ್ತಿಗಳ ಚೌಕದಲ್ಲಿ ನನ್ನವನ್ನೇ ಬರೆದೆ: ಹೂಳುವ ಜಾಗದ ಹಕ್ಕು, ಗುರುತಿಲ್ಲದ ಸಮಾಧಿಗಳು, ಸತ್ತವರಿಗೂ ಬಿಡದ ಬೇಲಿ.

ಚುಕ್ಕೆ ಹಸಿರಾಯಿತು.

ನಾಲ್ಕು ದಿನದ ಮಟ್ಟಿಗೆ ಅಷ್ಟೇ. ಬೇರೇನಾದರೂ ಬರೆದು ಇದನ್ನು ತೆಗೆದುಬಿಡುತ್ತೇನೆ.

ಅಧ್ಯಾಯದಲ್ಲಿ ನಮ್ಮಜ್ಜಿಯ ವಿಷಯವಿದೆ. ಗೌಡರು ಕೆರೆಯಂಗಳಕ್ಕೆ ಬೇಲಿ ಹಾಕಿದ ವರ್ಷ ಅಜ್ಜಿ ಸತ್ತಳು. ಹೂಳಲು ಜಾಗವಿಲ್ಲದೆ ರಸ್ತೆ ಬದಿಯಲ್ಲಿ, ಮೈಲಿಗಲ್ಲಿನ ಪಕ್ಕ ಗುಂಡಿ ತೋಡಿದೆವು. ಹೆಸರಿನ ಕಲ್ಲು ಹಾಕಲು ಬಿಡಲಿಲ್ಲ. ಈಗ ಅವಳ ತಲೆಯ ಹತ್ತಿರ ಇರುವ ಕಲ್ಲಿನ ಮೇಲೆ ‘ಮುಳಬಾಗಿಲು 11’ ಎಂದಿದೆ. ‘ನಾವು ಅವಳನ್ನು ಮೈಲಿಗಲ್ಲಿನ ಪಕ್ಕ ಮಲಗಿಸಿದೆವು’ ಎಂಬ ಸಾಲನ್ನು ಆ ಹೆಂಗಸಿನ ಚಿತ್ರದ ಕೆಳಗೆ ಓದಿದಾಗ ಅದು ಮೊದಲಿಂದ ಅಲ್ಲೇ ಇದ್ದ ಹಾಗೆ ಕಂಡಿತು.

ಏಪ್ರಿಲ್ 22, ಮಂಗಳವಾರ

ಕಚೇರಿಯಲ್ಲಿ ಏನೋ ತಟ್ಟುವ ಸದ್ದು. ಬೆರಳಿನ ಗೆಣ್ಣಿನಿಂದ ಹಲಗೆ ತಟ್ಟಿದ ಹಾಗೆ. ಮೂರು ಸಲ, ನಿಧಾನ. ಸ್ವಲ್ಪ ಬಿಟ್ಟು ಮತ್ತೆ ಮೂರು. ಎಸಿಯ ಕೊಳವೆ ಸಡಿಲಾಗಿರಬೇಕು ಎಂದು ಪಾಯಸ್‌ಗೆ ಹೇಳಿದೆ. ಅವರು ನನ್ನ ಮುಖ ನೋಡಿ ಒಳಗೆ ಹೋದರು.

ಜೆರೆಯ ಪುಟಕ್ಕೆ ಓದುಗರು ಹೆಚ್ಚುತ್ತಿದ್ದಾರೆ. ಒಬ್ಬ ವಿದ್ಯಾರ್ಥಿನಿ ಬರೆದಿದ್ದಾಳೆ: ‘ಮೇಡಂ, ನಿಮ್ಮ ಅಧ್ಯಾಯ ಓದಿ ರಾತ್ರಿ ಊಟ ಸೇರಲಿಲ್ಲ.’ ಹತ್ತು ವರ್ಷ ಪಾಠ ಮಾಡಿದರೂ ನನಗೆ ಯಾರೂ ಹೀಗೆ ಬರೆದಿರಲಿಲ್ಲ. ಉತ್ತರ ಕೊಟ್ಟೆ. ಉದ್ದ ಉತ್ತರ. ಕೆಳಗೆ ಜೆರೆಯ ಹೆಸರು ಹಾಕಿದೆ. ಬೇರೆ ಯಾವುದನ್ನು ಹಾಕಲಿ?

ಅಧ್ಯಾಯ ತೆಗೆಯಬೇಕು. ಈ ವಾರ ತೆಗೆಯುತ್ತೇನೆ.

ಏಪ್ರಿಲ್ 25, ಶುಕ್ರವಾರ

ನಾವಿರುವ ಕಟ್ಟಡದ ಕೆಳಗೆ ಬೀಪಾತುಮ್ಮನ ಮೆಸ್ಸು. ಉಳ್ಳಾಲದವರು, ಗಂಡ ಇಲ್ಲೇ ತೀರಿಹೋದ ಮೇಲೂ ಅಡುಗೆ ಮಾಡಿಕೊಂಡು ನಿಂತವರು. ಶುಕ್ರವಾರ ನಮಾಜು ಮುಗಿದ ಮೇಲೆ ಅಲ್ಲಿ ಕಂಪನಿಯವರೆಲ್ಲ ಊಟಕ್ಕೆ ಸೇರುತ್ತಾರೆ. ಊಟವೆಂಬುದು ನೆಪ. ಪಾಸ್‌ಪೋರ್ಟು, ಪದವಿಪತ್ರ ವಾಪಸು ಕೇಳುವುದು ಹೇಗೆ ಎಂಬುದು ಮಾತು.

“ನೀವು ಊರಲ್ಲಿ ಸಂಘಟನೆ ಮಾಡಿದವರಲ್ವಾ ಅಕ್ಕ. ಒಂದು ಅರ್ಜಿ ಬರೆದುಕೊಡಿ. ಎಲ್ಲರೂ ಸೈನ್ ಹಾಕ್ತೇವೆ” ಎಂದ ರಾನ್ಸನ್.

“ನನ್ನನ್ನು ಬಿಟ್ಬಿಡಪ್ಪ. ನನ್ನ ಕಾಗದ ನಾನು ತಗೊಂಡು ಹೊಂಟೋಗ್ತೀನಿ. ನಿಮ್ದು ನೀವು ನೋಡ್ಕೊಳ್ಳಿ.”

ಬೀಪಾತುಮ್ಮ ಚಹಾ ಇಟ್ಟರು. ಸಕ್ಕರೆ ಬೇಡ ಎಂದೆ.

“ಮೊನ್ನೆವರೆಗೆ ಮೂರು ಚಮಚ ಹಾಕಿಸ್ಕೊಳ್ತಿದ್ದಿ. ಎಂತ, ಶುಗರ್ ಬಂತಾ?”

ಯಾಕೋ ಸಿಹಿ ಕಂಡರೆ ಆಗುತ್ತಿಲ್ಲ. ಸೆಕೆಗೆ ಇರಬೇಕು.

ಏಳುವಾಗ ರಾನ್ಸನ್ ಇನ್ನೊಂದು ಮಾತು ಹೇಳಿದ. “ಅಕ್ಕ, ಕೋಪ ಮಾಡ್ಬೇಡಿ. ಆಫೀಸಲ್ಲಿ ಆ ಮೇಜು ತಟ್ಟುವುದೊಂದು ನಿಲ್ಲಿಸ್ತೀರಾ? ತಲೆಬೇನೆ ಬರ್ತದೆ.”

“ನಾನಾ?”

“ಮತ್ಯಾರು? ನಿಮ್ಮ ಕೈಯೇ ಅಲ್ವಾ.”

ಅರ್ಜಿ ಬರೆಯಲಿಲ್ಲವೆಂದು ಹೀಗೆ ಚುಚ್ಚುತ್ತಾನೆ. ಸದ್ದು ಬಂದಾಗೆಲ್ಲ ನನ್ನ ಎರಡೂ ಕೈ ಕೀಬೋರ್ಡಿನ ಮೇಲಿರುತ್ತವೆ.

ಮೇ 1, ಗುರುವಾರ

ಕಾರ್ಮಿಕರ ದಿನ. ಯಾರಿಗೂ ರಜೆ ಇಲ್ಲ. ನಮ್ಮ ವಿಭಾಗದಲ್ಲಿ ಈ ದಿನ ಮಾವಿನ ಮರದ ಕೆಳಗೆ ಸಭೆ ಸೇರುತ್ತಿದ್ದರು ಎಂದು ಜೆರೆಯ ಪುಟದಲ್ಲಿ ಎರಡು ಸಾಲು ಸೇರಿಸಿದೆ. ಎಲ್ಲಿ ಓದಿದ್ದೆನೋ. ಚೆನ್ನಾಗಿ ಬಂದಿದೆ.

ಮೇ 4, ಭಾನುವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಹನ್ನೊಂದು ಗಂಟೆಗೆ ಕಚೇರಿಯ ಫೋನು ಬಂತು. ಪಾಯಸ್ ಇರಲಿಲ್ಲ, ನಾನು ಎತ್ತಿದೆ. ಎಳೆಯ ಹೆಣ್ಣು ದನಿ, ಇಂಗ್ಲಿಷು.

“ನನ್ನ ಹೆಸರು ಚಿಸೊಮೊ ಜೆರೆ. ಮಟೇಂಗೆಯಿಂದ. ನನ್ನ ಅಮ್ಮನ ಪುಟ ನಡೆಸುವವರು ನೀವೇ ಏನು?”

ಹೌದೆಂದೆ.

“ದಯವಿಟ್ಟು ನಿಲ್ಲಿಸಿ. ಎರಡು ವರ್ಷ ಆ ಪುಟ ಸುಮ್ಮನಿತ್ತು. ಏಪ್ರಿಲ್‌ನಿಂದ ಅಮ್ಮ ಮತ್ತೆ ಬರೆಯುತ್ತಿದ್ದಾಳೆ. ನನ್ನ ತಮ್ಮ ದಿನಾ ಬೆಳಿಗ್ಗೆ ಎದ್ದು ಅವಳ ಹೆಸರಿನ ಪಕ್ಕದ ಹಸಿರು ಚುಕ್ಕೆ ನೋಡುತ್ತಾನೆ. ಅವಳು ಎಲ್ಲೋ ಇದ್ದಾಳೆ ಎನ್ನುತ್ತಾನೆ. ನಾವು ಹೂತದ್ದು ಯಾರನ್ನು ಎಂದು ಕೇಳುತ್ತಾನೆ.”

ಅವಳೇ ಬಿಡಿಸಿ ಹೇಳಿದಳು. ತಂಡಿವೆ ಅಧ್ಯಾಪಕರ ಸಂಘದ ಕಾರ್ಯದರ್ಶಿ. ಸಂಬಳ ನಿಂತಾಗ ಮುಷ್ಕರ ನಡೆಸಿದಳು. ಕೆಲಸ ಕಿತ್ತುಕೊಂಡರು. ಅದರ ಜೊತೆ ಆಸ್ಪತ್ರೆಯ ಸೌಲಭ್ಯವೂ ಹೋಯಿತು. ಸಕ್ಕರೆ ಕಾಯಿಲೆ ಇತ್ತು, ಇನ್ಸುಲಿನ್ ತಪ್ಪಿತು. ಸತ್ತ ಮೇಲೆ ಅಧ್ಯಾಪಕರ ಸ್ಮಶಾನದಲ್ಲಿ ಜಾಗ ಕೊಡಲಿಲ್ಲ, ವಜಾ ಆದವಳು ಎಂದು.

“ಅಮ್ಮನನ್ನು ರಸ್ತೆ ಬದಿಯ ಕಲ್ಲಿನ ಪಕ್ಕ ಮಲಗಿಸಿದೆವು. ಊರಿನ ದೂರ ಬರೆದ ಕಲ್ಲು. ಅದು ನಮ್ಮ ಮನೆಯವರನ್ನು ಬಿಟ್ಟು ಯಾರಿಗೂ ಗೊತ್ತಿಲ್ಲ. ನೀವು ಅದನ್ನು ಬರೆದಿದ್ದೀರಿ. ನಿಮಗೆ ಯಾರು ಹೇಳಿದರು?”

ಅದು ನನ್ನ ಅಜ್ಜಿ ಎಂದು ಹೇಳಬೇಕಿತ್ತು. ಬಾಯಿ ತೆರೆದೆ, ಮಾತು ಬರಲಿಲ್ಲ. ಆ ಕಡೆಯಿಂದ ಅವಳ ಉಸಿರು ಕಟ್ಟಿದ ಹಾಗಾಯಿತು.

“ಹಾಗೆ ತಟ್ಟಬೇಡಿ” ಎಂದಳು. “ದಯವಿಟ್ಟು. ಅಮ್ಮ ಮಾತು ಸಿಗದಿದ್ದಾಗ ಹಾಗೆ ಮೇಜು ತಟ್ಟುತ್ತಿದ್ದಳು.”

ಫೋನು ಇಟ್ಟುಬಿಟ್ಟಳು.

ಹಾಳು ಕೊಳವೆ. ಫೋನಿನಲ್ಲೂ ಕೇಳಿಸಿದೆ. ರಿಪೇರಿ ಮಾಡಿಸಿ ಎಂದು ಪಾಯಸ್‌ಗೆ ಬರೆದು ಕೊಟ್ಟೆ.

ಮೇ 5, ಸೋಮವಾರ

ಅಧ್ಯಾಯ ತೆಗೆಯಲು ಹೋದೆ. ತೆಗೆಯಲು ಮ್ಯಾನೇಜರ್ ಅನುಮತಿ ಬೇಕು ಎಂದಿತು ಯಂತ್ರ. ಪಾಯಸ್ ಕೊಡಲಿಲ್ಲ. “ಅದು ನಮ್ಮ ಬೆಸ್ಟ್ ಪುಟ ಮಾರಾಯ್ರೇ.”

ಮೇ 13, ಮಂಗಳವಾರ

ಮಾರ್ಗದರ್ಶಕರಾದ ಪ್ರೊಫೆಸರ್ ಪುಟ್ಟಯ್ಯ ಫೋನು ಮಾಡಿದ್ದರು. ಹೋದ ವಾರ ಪ್ರಬಂಧವನ್ನು ವಿಶ್ವವಿದ್ಯಾಲಯದ ಕೃತಿಚೌರ್ಯ ತಪಾಸಣೆಗೆ ಹಾಕಿದ್ದರಂತೆ.

“ಏನಮ್ಮ ಮುನಿಲಕ್ಷ್ಮಿ ಇದು? ಮೂರನೇ ಅಧ್ಯಾಯ ಪೂರ್ತಿ ಕೆಂಪಗೆ ಬಂದದೆ. ಯಾರೋ ಆಫ್ರಿಕಾದ ಹೆಣ್ಣುಮಗಳು, ಡಾಕ್ಟರ್ ಜೆರೆ ಅಂತೆ, ಆಯಮ್ಮನ ಲೇಖನ ನೀನು ಕದ್ದಿದ್ದೀಯ ಅಂತದೆ.”

“ಸಾರ್, ಅದು ನಂದೇ. ನಮ್ಮಜ್ಜಿ ಸಾರ್ ಅದು. ನೀವೇ ಬಂದಿದ್ರಲ್ಲ ಮಣ್ಣಿಗೆ.”

“ನಾನು ಬಂದಿದ್ದೆ, ಕಂಪ್ಯೂಟರ್ ಬಂದಿರಲಿಲ್ಲವಲ್ಲಮ್ಮ. ಅವರದು ಮೊದಲು ಪ್ರಕಟ ಆಗಿಬಿಟ್ಟದೆ. ಒಂದೇ ದಾರಿ. ಆಯಮ್ಮನ ಕೈಲೇ ಇದು ನನ್ನದಲ್ಲ ಅಂತ ಬರೆಸಿ ಕಳಿಸು. ತಿಂಗಳ ಕೊನೆಯೊಳಗೆ. ಇಲ್ಲಾಂದ್ರೆ ನೋಂದಣಿನೇ ರದ್ದು ಮಾಡ್ತಾರೆ.”

ಆಯಮ್ಮನ ಕೈಲೇ ಬರೆಸಬೇಕಂತೆ.

ಒಂಬತ್ತು ವರ್ಷ. ಬಸ್ಸಿನಲ್ಲಿ, ಜಗಲಿಯಲ್ಲಿ, ಕಾಲೇಜಿನ ಸ್ಟಾಫ್ ರೂಮಿನ ಮೂಲೆಯಲ್ಲಿ ಕೂತು ಬರೆದದ್ದು. ನಮ್ಮಜ್ಜಿಗೆ ಕಲ್ಲು ಹಾಕಲು ಬಿಡಲಿಲ್ಲ, ಅಕ್ಷರದ ಕಲ್ಲು ಹಾಕುತ್ತೇನೆಂದು ಹೊರಟವಳು ನಾನು. ಹಾಕಿದೆ, ಬೇರೆಯವಳ ಹೆಸರಿನಲ್ಲಿ. ಅಜ್ಜಿಯ ಮಣ್ಣನ್ನು ಕಸಿದ ಗೌಡನ ಮೇಲೆ ಧಿಕ್ಕಾರ ಕೂಗಬಹುದಿತ್ತು. ಈಗ ಯಾರ ಮೇಲೆ ಕೂಗಲಿ?

ಮೇ 14, ಬುಧವಾರ

ಪಾಯಸ್‌ಗೆ ವಿಷಯ ಹೇಗೋ ತಿಳಿದಿದೆ. ಒಳಗೆ ಕರೆದು ಬಾಗಿಲು ಹಾಕಿದರು. ಕೇಕು ಕೊಟ್ಟರು. ತಿನ್ನಲಿಲ್ಲ.

“ಇಷ್ಟಕ್ಕೆಲ್ಲ ಯಾಕೆ ಬೇಜಾರು? ಡಾಕ್ಟರ್ ಜೆರೆಯೇ ಒಂದು ಮೇಲ್ ಹಾಕಿದರೆ ಆಯ್ತಲ್ಲ. ಅವರ ವಿಳಾಸ ನಮ್ಮ ಹತ್ತಿರ ಉಂಟು. ನೀವೇ ಬರೆಯಿರಿ. ‘ಈ ಅಧ್ಯಾಯ ಮುನಿಲಕ್ಷ್ಮಿಯದ್ದು, ಪ್ರೀತಿಯಿಂದ ನನ್ನ ಪುಟದಲ್ಲಿ ಹಾಕಿಕೊಂಡಿದ್ದೆ’ ಅಂತ. ಭಾನುವಾರ ಕಳಿಸುವಾ.”

“ಅವರು ಸತ್ತಿದ್ದಾರೆ.”

“ಪುನಃ ಅದೇ ಮಾತು. ನಿಮ್ಮ ಪ್ರೊಫೆಸರಿಗೆ ಗೊತ್ತುಂಟಾ? ಇಲ್ಲ. ಪುಟ ನೋಡಿದರೆ ಎಂತ ಕಾಣ್ತದೆ? ಹಸಿರು.” ಬೀರುವಿನ ಬೀಗದ ಕೈಯನ್ನು ಮೇಜಿನ ಮೇಲಿಟ್ಟರು. “ನಿಮ್ಮ ಸರ್ಟಿಫಿಕೇಟು ಸಹ ಅದೇ ದಿನ ಕೊಡ್ತೇನೆ. ನೀವು ಮಾಡಬೇಕಾದ್ದು ಸ್ವಲ್ಪ. ಪುಟ ನಡೆಸ್ತಾ ಇರಬೇಕು. ಶುಕ್ರವಾರದ ಆ ಊಟ-ಗೀಟ ಬೇಡ. ಮಗಳು ಮತ್ತೆ ಫೋನ್ ಮಾಡಿದರೆ ರಾಂಗ್ ನಂಬರ್ ಹೇಳಿ. ಖಲಾಸ್.”

ಆಯಿತು ಎಂದೆ.

ಬರೆದುಬಿಡುತ್ತೇನೆ. ಸತ್ತವಳಿಗೆ ಇದರಿಂದ ಏನು ನಷ್ಟ? ಬದುಕಿರುವವಳು ನಾನು. ಇಷ್ಟು ವರ್ಷ ಬೇರೆಯವರ ಹೆಣ ಹೊತ್ತೆ. ಒಂದು ಸಲ ಒಂದು ಹೆಣ ನನ್ನನ್ನು ಹೊರಲಿ.

ಮೇ 16, ಶುಕ್ರವಾರ

ಊಟಕ್ಕೆ ಇಳಿಯಲಿಲ್ಲ. ಬೀಪಾತುಮ್ಮ ತಾವೇ ತಟ್ಟೆ ತಂದರು. ಅನ್ನ, ಮೀನು ಸಾರು. ಮೇಜಿನ ಮೇಲೆ ಇಟ್ಟು ಹಾಗೇ ನಿಂತರು.

“ಒಳಗೆ ಯಾರಾದ್ರು ಇದ್ದಾರಾ?”

“ಇಲ್ಲ. ಯಾಕೆ?”

“ಮೆಟ್ಟಿಲು ಹತ್ತುವಾಗ ನೀನು ಇಂಗ್ಲಿಷಿನಲ್ಲಿ ಯಾರಿಗೋ ಜೋರು ಮಾಡುವುದು ಕೇಳ್ತು. ಫೋನಾ?”

ನಿದ್ದೆಯಲ್ಲಿದ್ದೆ ಎಂದೆ. ನಿಜವಾಗಿ ನಾನು ನಿದ್ದೆಯಲ್ಲಿದ್ದೆ.

“ನಮ್ಮವರು ಹೋದಾಗ ಇಲ್ಲಿಯೇ ಮಣ್ಣು ಕೊಟ್ಟದ್ದು, ಸುಲೈಬಿಖಾತಿನಲ್ಲಿ. ಹೆಸರು ಬರೆಯಲಿಲ್ಲ, ಒಂದು ನಂಬರು ಕೊಟ್ಟರು. ನಂಬರಾದರೂ ಅವರದ್ದೇ” ಎಂದರು. ಯಾಕೆ ಹೇಳಿದರೋ ಗೊತ್ತಿಲ್ಲ. ನಾನು ಕೇಳಿರಲಿಲ್ಲ.

ಮೇ 18, ಭಾನುವಾರ

ಬೆಳಿಗ್ಗೆ ಹತ್ತಕ್ಕೇ ಧೂಳು ಎದ್ದಿತು. ಹನ್ನೊಂದರ ಹೊತ್ತಿಗೆ ಕಿಟಕಿಯ ಆಚೆ ಏನೂ ಇರಲಿಲ್ಲ, ಕುಂಕುಮದ ನೀರಿನ ಬಣ್ಣ ಬಿಟ್ಟರೆ. ಗೋದಾಮಿನ ಲಾರಿಗಳು ದೀಪ ಹಾಕಿ ನಿಂತವು. ಕೋಣೆಯೊಳಗೂ ಮಣ್ಣಿನ ವಾಸನೆ, ಗುಂಡಿ ತೋಡಿದಾಗ ಬರುವಂಥದ್ದು. ನಾನು ಪತ್ರ ಬರೆಯಲು ಕೂತೆ. ಪಾಯಸ್ ಒಳಗಿದ್ದರು, ರಾನ್ಸನ್ ಪಕ್ಕದಲ್ಲಿದ್ದ.

ನನಗೆ ನೆನಪಿರುವುದು ಇಷ್ಟು. ‘ಈ ಮೂಲಕ ದೃಢೀಕರಿಸುವುದೇನೆಂದರೆ’ ಎಂದು ಶುರು ಮಾಡಿದೆ. ತಟ್ಟುವ ಸದ್ದು ಶುರುವಾಯಿತು. ಇವತ್ತು ಜೋರಾಗಿತ್ತು. ರಾನ್ಸನ್ ಎದ್ದು ನಿಂತು ನನ್ನ ಕಡೆ ನೋಡುತ್ತಿದ್ದ. ಮುಗಿಸಿ ಗುಂಡಿ ಒತ್ತಿದೆ. ಆಮೇಲೆ ನೋಡಿದರೆ ಪತ್ರ ಹೋಗಿದ್ದು ಪುಟ್ಟಯ್ಯನವರಿಗಲ್ಲ. ಪುಟದ ಮೇಲೇ ಬಿದ್ದಿತ್ತು, ಚಿತ್ರದ ಕೆಳಗೆ, ಎಲ್ಲರೂ ಓದುವಂತೆ. ರಾನ್ಸನ್ ಫೋನಿನಲ್ಲಿ ಚಿತ್ರ ತೆಗೆದಿಟ್ಟುಕೊಂಡಿದ್ದನ್ನು ನೋಡಿ ಇಲ್ಲಿ ಇಳಿಸುತ್ತೇನೆ:

‘ನಾನು ತಂಡಿವೆ ಜೆರೆ. ಮಟೇಂಗೆಯಲ್ಲಿ ಸಮಾಜಶಾಸ್ತ್ರ ಕಲಿಸುತ್ತಿದ್ದೆ. ದುಡಿದದ್ದನ್ನು ಕೇಳಿದ್ದಕ್ಕೆ ಕೆಲಸ ಕಿತ್ತುಕೊಂಡರು, ಔಷಧಿ ಕಿತ್ತುಕೊಂಡರು, ಸತ್ತ ಮೇಲೆ ಮಣ್ಣು ಕೊಡಲಿಲ್ಲ. ಈಗ ಕುವೈತಿನಲ್ಲಿ ಟೈರು ಗೋದಾಮಿನ ಮೇಲೆ ಕೂರಿಸಿ ಮತ್ತೆ ದುಡಿಸುತ್ತಿದ್ದಾರೆ. ನಾನು ಸತ್ತಿದ್ದೇನೆ. ಸದ್ಯದ ಸಂಶೋಧನೆ ಯಾವುದೂ ಇಲ್ಲ. ಈ ಪುಟದಲ್ಲಿರುವ ಅಧ್ಯಾಯ ಮುನಿಲಕ್ಷ್ಮಿಯದು, ಅದರೊಳಗೆ ಮಲಗಿರುವುದು ಅವಳ ಅಜ್ಜಿ. ತನ್ನ ಬರಹವನ್ನು ಅವಳೇ ನನ್ನ ಹೆಸರಿಗೆ ಹಾಕಿದಳು. ಅದು ಅವಳ ತಪ್ಪು, ಅವಳು ಒಪ್ಪಿಕೊಳ್ಳುತ್ತಾಳೆ. ಅವಳ ಅಜ್ಜಿಯ ಕಲ್ಲಿನ ಮೇಲೆ ಮುಳಬಾಗಿಲು 11 ಎಂದಿದೆ. ನನ್ನ ಕಲ್ಲಿನ ಮೇಲೆ ಮಟೇಂಗೆ 7. ನಮ್ಮ ಹೆಸರು ಎಲ್ಲೂ ಇಲ್ಲ. ಚಿಸೊಮೊ, ತಮ್ಮನಿಗೆ ಹೇಳು, ನೀವು ಹೂತದ್ದು ನನ್ನನ್ನೇ.’

ಪಾಯಸ್ ಹೊರಗೆ ಬಂದಾಗ ಅವರ ಮುಖದಲ್ಲಿ ನಗೆ ಇರಲಿಲ್ಲ.

“ಯಾರು ಹಾಕಿದ್ದು ಇದು?”

“ನಾನೇ ಹಾಕಿದ್ದು ಸಾರ್.”

“ನಿಮ್ಮ ಪಿಎಚ್‌ಡಿ ನೀವೇ ಸುಟ್ಟುಕೊಂಡ್ರಿ. ಗೊತ್ತುಂಟಾ?”

ಗೊತ್ತಿತ್ತು. ಇಷ್ಟು ಹೊತ್ತು ಕತ್ತಿನ ಹಿಂದೆ ಯಾರೋ ಬಾಗಿ ನಿಂತಿದ್ದು ಈಗ ಪಕ್ಕದ ಕುರ್ಚಿಯಲ್ಲಿ ಕೂತ ಹಾಗೆ ಹಗುರವಾಯಿತು.

ಪುಟ ತೆಗೆದುಹಾಕಿದ್ದಾರೆ. ಅಷ್ಟರೊಳಗೆ ಮಟೇಂಗೆಯಲ್ಲಿ ಬಹಳ ಜನ ಓದಿದ್ದರು.

ಮೇ 19, ಸೋಮವಾರ

ನನ್ನ ಮೇಲೆ ಓಡಿಹೋದಳೆಂದು ಕೇಸು ಹಾಕಿಸುತ್ತೇನೆ, ವೀಸಾ ಕೊಟ್ಟ ಮಾಲೀಕ ಕಫೀಲ್ ಕೈಯಲ್ಲಿ ಸಹಿ ಮಾಡಿಸುತ್ತೇನೆ ಎಂದರು ಪಾಯಸ್. ಎದುರಿಗೇ ಕೂತಿರುವವಳು ಓಡಿಹೋಗುವುದು ಹೇಗೆ ಎಂದೆ. ರಾನ್ಸನ್ ನಕ್ಕ. ನಕ್ಕವನು ತಿರುಗಿ ತನ್ನ ಮೇಜಿಗೆ ಹೋಗಿ ಮೀನು ಒಣಗಿಸುವ ಹೆಂಗಸರ ಮೇಲೆ ಬರೆದಿದ್ದವರ ಪುಟ ತೆರೆದ. ‘ಇವರನ್ನು ಕೆಲಸದಿಂದ ತೆಗೆದು ವರ್ಷವಾಯಿತು. ಇಲ್ಲಿರುವುದನ್ನು ಬರೆದವನು ರಾನ್ಸನ್, ಸಬ್ಹಾನ್’ ಎಂದು ಹಾಕಿದ. ಆಮೇಲೆ ಆಚೆ ಕೋಣೆಯ ಶರ್ಲಿನ್ ಹಾಕಿದಳು. ಮಧ್ಯಾಹ್ನದ ಹೊತ್ತಿಗೆ ಪಾಯಸ್ ಎಲ್ಲರ ಕಂಪ್ಯೂಟರು ಆರಿಸಿಬಿಟ್ಟರು. ಆರಿದ ಪರದೆಯಲ್ಲೂ ಸ್ವಲ್ಪ ಹೊತ್ತು ಆ ಮುಖಗಳು ಉಳಿದಿದ್ದವು.

ಕಚೇರಿಗೆ ಫೋನು ಮಾಡಿ ರಾನ್ಸನ್‌ನಿಂದ ನಂಬರು ಪಡೆದು ಚಿಸೊಮೊ ನನ್ನ ಫೋನಿಗೇ ಮಾಡಿದಳು. ತುಂಬಾ ಹೊತ್ತು ಅತ್ತಳು. ಸಮಾಧಾನದ ಅಳು.

“ಒಂದು ಮಾತು ಕೇಳಲೇ? ಕಲ್ಲಿನ ಮೇಲೆ ಏಳು ಎಂದಿದೆ ಎಂದು ನಿಮಗೆ ಹೇಗೆ ಗೊತ್ತು?”

“ಆವತ್ತು ನೀನೇ ಹೇಳಿದೆಯಲ್ಲ ಮಗಳೇ.”

“ನಾನು ಹೇಳಿಲ್ಲ.”

ಹೇಳಿರುತ್ತಾಳೆ. ಫೋನಿನಲ್ಲಿ ಅಳುತ್ತಾ ಏನೇನು ಹೇಳಿದೆವೆಂದು ಯಾರಿಗೆ ನೆನಪಿರುತ್ತದೆ. ಊಟ ಮಾಡು, ತಮ್ಮನನ್ನು ಶಾಲೆಗೆ ಕಳಿಸು ಎಂದು ಹೇಳಿ ಇಟ್ಟೆ.

ಮೇ 21, ಬುಧವಾರ

ಪುಟ್ಟಯ್ಯನವರಿಗೆ ಇದ್ದದ್ದನ್ನು ಇದ್ದ ಹಾಗೆ ಬರೆದು ಕಳಿಸಿದೆ. ಫೋನು ಮಾಡಿದರು.

“ಸಮಿತಿ ಮುಂದೆ ಇಡ್ತೀನಮ್ಮ. ಮಣ್ಣಿಗೆ ಬಂದಿದ್ದೋನು ನಾನೂ ಒಬ್ಬ ಸಾಕ್ಷಿ ಅಂತ ಹೇಳ್ತೀನಿ. ಆದ್ರೂ ಮಾತು ಕೊಡಕ್ಕಾಗಲ್ಲ. ಪೂರ್ತಿ ಹೋದ್ರೂ ಹೋಗ್ಬೋದು.”

ಸರಿ ಸಾರ್ ಎಂದೆ. ರಾಯಭಾರ ಕಚೇರಿಗೆ ಕೊಡುವ ಅರ್ಜಿ ಅರ್ಧ ಆಗಿತ್ತು, ಅದನ್ನು ಮುಗಿಸಬೇಕಿತ್ತು.

ಮೇ 23, ಶುಕ್ರವಾರ

ಬೀಪಾತುಮ್ಮನ ಮೆಸ್ಸು ತುಂಬಿ ಮೆಟ್ಟಿಲ ಮೇಲೂ ಕೂತಿದ್ದರು. ಸುಲೈಬಿಯಾದ ಗೋದಾಮಿನವರು ಸಹ ಬಂದಿದ್ದರು. ಅವರ ಪಾಸ್‌ಪೋರ್ಟೂ ಇಂಥದೇ ಬೀರುವಿನಲ್ಲಿದೆಯಂತೆ. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು, ಕನ್ನಡ, ತುಳು, ಕೊಂಕಣಿ, ಹಿಂದಿ. ಗದ್ದಲ. ಆಮೇಲೆ ಎಲ್ಲರೂ ಒಮ್ಮೆಗೇ ಸುಮ್ಮನಾಗಿ ನನ್ನ ಕಡೆ ತಿರುಗಿದರು. ಯಾಕೆಂದು ತಿಳಿಯಲಿಲ್ಲ.

“ಮೇಜು ಒಡೆಯಬೇಡ ಮಾರಾಯ್ತಿ. ಅದು ಬಾಡಿಗೆಯದ್ದು” ಎಂದರು ಬೀಪಾತುಮ್ಮ.

ಅರ್ಜಿ ಓದಿದೆ. ನಮಗೆ ಪಾಠದ ಕೆಲಸ ಎಂದರು, ಕೊಡಲಿಲ್ಲ. ನಮ್ಮ ಪಾಸ್‌ಪೋರ್ಟು, ಪದವಿಪತ್ರ ನಮ್ಮ ಕೈಗೆ ಎಂದರು, ಕೊಡಲಿಲ್ಲ. ನಮ್ಮ ಇಕಾಮಾದಲ್ಲಿ ನಮ್ಮ ಕೆಲಸವಿಲ್ಲ. ನಮ್ಮ ಬರಹದ ಮೇಲೆ ನಮ್ಮ ಹೆಸರಿಲ್ಲ. ನಮ್ಮ ಸತ್ತವರನ್ನು ಮಲಗಲು ಬಿಡಲಿಲ್ಲ. ಕೊನೆಯ ಸಾಲು ರಾಯಭಾರ ಕಚೇರಿಗೆ ಯಾಕೆ ಎಂದು ಶರ್ಲಿನ್ ಕೇಳಿದಳು. ಇರಲಿ ಎಂದೆವು. ಉಳಿಯಿತು. ಎಲ್ಲರೂ ಸಹಿ ಹಾಕಿದರು. ನಾನೂ ಹಾಕಿದೆ. ನನ್ನ ಸಹಿಯನ್ನು ನೋಡಿ ರಾನ್ಸನ್ ಹಾಳೆಯನ್ನು ಇನ್ನೊಮ್ಮೆ ಬೆಳಕಿಗೆ ಹಿಡಿದ, ನಂತರ ಮಡಚಿ ಜೇಬಿಗಿಟ್ಟುಕೊಂಡ.

ಸಕ್ಕರೆ ಇಲ್ಲದ ಚಹಾ ಬಂತು. ಮುಂದಿನ ವಾರ ಇನ್ನೂ ಹೆಚ್ಚು ಜನ ಬರುತ್ತಾರೆ, ಜಾಗ ಸಾಲದು, ಕುರ್ಚಿ ತೆಗೆದು ಚಾಪೆ ಹಾಸಬೇಕು ಎಂದರು ಬೀಪಾತುಮ್ಮ. ನೀವು ತೊಂದರೆ ತಗೋಬೇಡಿ, ನಾವಿಬ್ಬರೂ ಮೊದಲೇ ಬಂದು ಹಾಸುತ್ತೇವೆ ಎಂದೆ. ಬೀಪಾತುಮ್ಮ ನನ್ನ ಪಕ್ಕದ ಖಾಲಿ ಕುರ್ಚಿಯ ಕಡೆ ನೋಡಿದರು.

ಮುಂದಿನ ಸಭೆ ಫಿಂಟಾಸಿನ ಇದೇ ಮೆಸ್ಸಿನಲ್ಲಿ, ಮೇ 30ರ ಶುಕ್ರವಾರ, ಸಂಜೆ ನಾಲ್ಕು ಗಂಟೆಗೆ.